ಸಣ್ಣ ಮೋಟಾರು ದೋಣಿಗೆ ಸ್ಪ್ರೇ ರೈಲ್: ಜಾಗ ಗುರುತಿಸುವುದರಿಂದ ನೀರಿನ ಮೇಲಿನ ಪರೀಕ್ಷೆಯವರೆಗೆ

ಅಲೆಯಿರುವ ನೀರಿನಲ್ಲಿ ಸಣ್ಣ ಮೋಟಾರು ದೋಣಿಯನ್ನು ವೇಗವಾಗಿ ಓಡಿಸುವವರಿಗೆ ಎರಚಲಿನ ಕಾಟ ಹೊಸದಲ್ಲ. ಗಾಳಿ ಓರೆಯಾಗಿ ಬೀಸುತ್ತಿದ್ದರಂತೂ ಗಾಳಿಯ ಕಡೆಯ ಬದಿಯಿಂದ ಎದ್ದ ನೀರು ನೇರವಾಗಿ ಚಾಲಕನ ಮುಖಕ್ಕೇ ಬಂದು ಬಡಿಯುತ್ತದೆ. ಮೂತಿಯ ಎರಡೂ ಬದಿಗಳಲ್ಲಿ ಸರಿಯಾದ ಎತ್ತರಕ್ಕೆ ಒಂದು ಪಟ್ಟಿಯನ್ನು, ಅಂದರೆ ಸ್ಪ್ರೇ ರೈಲನ್ನು, ಕೂರಿಸಿದರೆ ಈ ನೀರಿನ ಬಹುಪಾಲು ಅಂಚು ದಾಟಿ ಒಳಗೆ ಬರುವ ಮೊದಲೇ ಹೊರಕ್ಕೂ ಕೆಳಕ್ಕೂ ಸರಿದು ಹೋಗುತ್ತದೆ. ಮರಗೆಲಸದ ಅಥವಾ ಫೈಬರ್‌ಗ್ಲಾಸ್ ಕೆಲಸದ ಸಾಧಾರಣ ಪರಿಚಯವಿರುವವರು ಇದನ್ನು ತಾವೇ ಮಾಡಿಕೊಳ್ಳಬಹುದು. ಆದರೆ ಪಟ್ಟಿಯನ್ನು ತಯಾರಿಸುವುದಕ್ಕಿಂತ ಅದರ ಜಾಗವನ್ನು ಗುರುತಿಸುವುದೇ ಇಲ್ಲಿ ದೊಡ್ಡ ಕೆಲಸ. ಚೆನ್ನಾಗಿ ಕೆತ್ತಿದ ಪಟ್ಟಿಯೂ ತಪ್ಪು ಜಾಗದಲ್ಲಿದ್ದರೆ ಬರೀ ಅಲಂಕಾರವಾಗಿ ಉಳಿಯುತ್ತದೆ.

ನೀರು ಮೇಲೇರುವ ಬಗೆ

ದೋಣಿ ವೇಗ ಪಡೆದು ನೀರಿನ ಮೇಲೆ ಎದ್ದು ಜಾರತೊಡಗಿದಾಗ, ತಳವು ನೀರನ್ನು ಮೊದಲು ಸಂಧಿಸುವ ಗೆರೆಯ ಬಳಿ ಒತ್ತಡ ಅತ್ಯಂತ ಹೆಚ್ಚಾಗಿರುತ್ತದೆ. ಆ ಗೆರೆಯಿಂದ ನೀರು ತೆಳುವಾದ ಹಾಳೆಯಂತೆ ಮುಂದಕ್ಕೂ ಪಕ್ಕಕ್ಕೂ ಚಿಮ್ಮಿ, ತಳದ ಮೈಗೆ ಅಂಟಿಕೊಂಡೇ ಹೊರಮುಖವಾಗಿ ಹರಿಯುತ್ತದೆ. ಲೋಟದಿಂದ ನೀರನ್ನು ನಿಧಾನವಾಗಿ ಬಗ್ಗಿಸಿದಾಗ ಅದು ಕೆಳಗೆ ಬೀಳದೆ ಲೋಟದ ಹೊರಮೈಯನ್ನೇ ಹಿಡಿದು ಇಳಿಯುವುದನ್ನು ಎಲ್ಲರೂ ಕಂಡಿದ್ದೇವೆ. ದೋಣಿಯ ಬದಿಯಲ್ಲಿಯೂ ನೀರು ಹಾಗೆಯೇ ಮೈಯ ಬಾಗನ್ನು ಅನುಸರಿಸಿ ಮೇಲೇರುತ್ತದೆ. ಕೊನೆಗೆ ಮೇಲಂಚಿನ ಹತ್ತಿರ ಮೈಯನ್ನು ಬಿಟ್ಟು ಹನಿಹನಿಯಾಗಿ ಒಡೆಯುತ್ತದೆ, ಆ ಹನಿಗಳನ್ನು ಗಾಳಿ ಒಳಕ್ಕೆ ಎತ್ತಿ ತರುತ್ತದೆ.

ಹೀಗೆ ಅಂಟಿಕೊಂಡು ಹರಿಯುವ ಹಾಳೆಯನ್ನು ಬಿಡಿಸಲು ಚೂಪಾದ ಅಂಚೊಂದು ಸಾಕು. ಬಾಗಿದ ಮೈಯನ್ನು ನೀರು ಅನುಸರಿಸುತ್ತದೆ, ಆದರೆ ಥಟ್ಟನೆ ಕಡಿದ ಮೂಲೆಯನ್ನು ಸುತ್ತಿ ಹೋಗಲಾರದೆ ಅಲ್ಲಿಯೇ ಮೈಬಿಡುತ್ತದೆ. ಆದ್ದರಿಂದ ಸ್ಪ್ರೇ ರೈಲಿನ ನಿಜವಾದ ಕೆಲಸ ಮಾಡುವುದು ಅದರ ಕೆಳಮೈ ಮತ್ತು ಹೊರಗಿನ ಅಂಚು. ಉಳಿದದ್ದೆಲ್ಲ ಆ ಅಂಚನ್ನು ಅಲ್ಲಿ ಗಟ್ಟಿಯಾಗಿ ಹಿಡಿದಿಡುವ ಆಧಾರ. ಇದೇ ತತ್ವದ ಮೇಲೆ ನೀರಿನಲ್ಲಿ ಇಳಿಯುವ ವಿಮಾನಗಳ ತೇಲುಗಳಿಗೂ ಇಂಥ ಪಟ್ಟಿಗಳನ್ನು ಕೂರಿಸುತ್ತಾರೆ. ಕೆಲವು ಜೆಟ್ ವಿಮಾನಗಳ ಮುಂಗಾಲಿನ ಟಯರುಗಳ ಬದಿಯಲ್ಲಿ ಕಾಣುವ ಏಣು ಕೂಡ ರನ್‌ವೇ ಮೇಲಿನ ನೀರು ಎಂಜಿನ್ನಿನತ್ತ ಹಾರದಂತೆ ಪಕ್ಕಕ್ಕೆ ತಳ್ಳಲೆಂದೇ ಇರುವುದು.

ಪಟ್ಟಿಯಿಂದ ಆಗದ ಕೆಲಸವೂ ಇದೆ. ಮೂತಿ ಅಲೆಯೊಳಗೆ ಹೊಕ್ಕು ನೀರು ಮೇಲಂಚನ್ನು ಇಡಿಯಾಗಿ ದಾಟಿ ಬರುತ್ತಿದ್ದರೆ, ಅಥವಾ ಗಾಳಿಯೇ ಅಲೆಯ ತುದಿಯನ್ನು ಕತ್ತರಿಸಿ ತಂದು ಎರಚುತ್ತಿದ್ದರೆ ಯಾವ ಪಟ್ಟಿಯೂ ತಡೆಯಲಾರದು. ಅದಕ್ಕೆ ವೇಗ ತಗ್ಗಿಸುವುದು, ದಿಕ್ಕು ಬದಲಿಸುವುದು, ಗಾಜಿನ ಪರದೆ ಹಾಕಿಸುವುದು ಮುಂತಾದ ಬೇರೆಯ ಉಪಾಯಗಳೇ ಬೇಕು.

ಮೊದಲು ಖರ್ಚಿಲ್ಲದ ಪರೀಕ್ಷೆ

ಉಪಕರಣ ಕೈಗೆತ್ತಿಕೊಳ್ಳುವ ಮೊದಲು ದೋಣಿಯ ಭಾರ ಹಂಚಿಕೆಯನ್ನೂ ಎಂಜಿನ್ನಿನ ಓರೆಯನ್ನೂ ನೋಡಬೇಕು. ಲಂಗರು, ಸರಪಳಿ, ಇಂಧನದ ಕ್ಯಾನುಗಳೆಲ್ಲ ಮೂತಿಯಲ್ಲೇ ತುಂಬಿದ್ದರೆ ನೀರಿನ ಹಾಳೆ ಬಹಳ ಮುಂದೆಯೇ ಹುಟ್ಟುತ್ತದೆ ಮತ್ತು ಅಲ್ಲಿಂದ ಎದ್ದ ನೀರೆಲ್ಲ ಚಾಲಕನ ಮೇಲೆಯೇ ಬೀಳುತ್ತದೆ. ಇದಕ್ಕೆ ವಿರುದ್ಧವಾಗಿ ಹಿಂಬದಿ ತೀರಾ ಭಾರವಾಗಿ ಮೂತಿ ಮೇಲೆದ್ದರೆ ದೋಣಿ ಅಲೆಗಳ ಮೇಲೆ ಬಡಿದು ಬಡಿದು ನೀರನ್ನು ಎರಚುತ್ತದೆ. ಒಬ್ಬರೇ ಪ್ರಯಾಣಿಕರು ಒಂದು ಪಕ್ಕಕ್ಕೆ ಕುಳಿತು ದೋಣಿ ವಾಲಿದರೆ, ವಾಲಿದ ಕಡೆಯ ಬದಿ ಮಾತ್ರ ಒದ್ದೆ ಮಾಡುವುದೂ ಉಂಟು. ಇವುಗಳಲ್ಲಿ ಯಾವುದಾದರೂ ಕಾರಣವಾಗಿದ್ದರೆ ಸಾಮಾನನ್ನು ಸರಿಸಿ, ಎಂಜಿನ್ನಿನ ಓರೆಯನ್ನು ಬದಲಿಸಿ ನೋಡುವುದರಿಂದಲೇ ಅರ್ಧ ಸಮಸ್ಯೆ ಬಗೆಹರಿಯಬಹುದು.

ಹಾಳೆ ಏರುವ ಜಾಗವನ್ನು ಗುರುತಿಸುವುದು

ಭಾರ ಸರಿಪಡಿಸಿದ ಮೇಲೂ ಎರಚಲು ಉಳಿದಿದ್ದರೆ ಅದು ಎಲ್ಲಿಂದ ಏಳುತ್ತಿದೆ ಎಂಬುದನ್ನು ಅಂದಾಜಿನಿಂದಲ್ಲ, ಕಣ್ಣಾರೆ ಕಂಡು ಬರೆದಿಟ್ಟುಕೊಳ್ಳಬೇಕು. ದೋಣಿ ಟ್ರೇಲರಿನ ಮೇಲೆ ಒಣಗಿರುವಾಗಲೇ ಮೂತಿಯಿಂದ ನಡುಭಾಗದವರೆಗೆ ಸುಮಾರು 30 ಸೆಂ.ಮೀ.ಗೆ ಒಂದರಂತೆ ಬದಿಯ ಮೇಲೆ ಲಂಬವಾಗಿ ಗಾಢ ಬಣ್ಣದ ಟೇಪ್ ಪಟ್ಟಿಗಳನ್ನು ಅಂಟಿಸಿರಿ. ಪ್ರತಿ ಪಟ್ಟಿಯ ಮೇಲೆ ತಳವೂ ಬದಿಯೂ ಕೂಡುವ ಏಣಿನಿಂದ ಆರಂಭಿಸಿ 5 ಸೆಂ.ಮೀ.ಗೆ ಒಂದು ಗೆರೆ ಎಳೆದು, ಪಟ್ಟಿಗಳಿಗೆ ದಪ್ಪ ಅಕ್ಷರದಲ್ಲಿ ಸಂಖ್ಯೆ ಹಾಕಿರಿ. ಈಗ ಇನ್ನೊಂದು ದೋಣಿಯಿಂದ ತೆಗೆದ ಚಿತ್ರದಲ್ಲಿ, ಉದಾಹರಣೆಗೆ, 4ನೇ ಪಟ್ಟಿಯಲ್ಲಿ ನೀರಿನ ಹಾಳೆ ಏಣಿನಿಂದ ಎಷ್ಟು ಮೇಲೆ ಇದೆ ಎಂಬುದನ್ನು ಅಳತೆಪಟ್ಟಿ ನೋಡಿದಷ್ಟೇ ಸ್ಪಷ್ಟವಾಗಿ ಓದಬಹುದು. ಜೊತೆಗೆ ಇನ್ನೊಂದು ದೋಣಿ ಇಲ್ಲದಿದ್ದರೆ ನೀರು ತಾಗದಂಥ ಕ್ಯಾಮೆರಾವೊಂದನ್ನು ಉದ್ದನೆಯ ಕೋಲಿಗೆ ಬಿಗಿದು, ಮೇಲಂಚಿನಿಂದ ಹೊರಕ್ಕೆ ಚಾಚಿ ಮೂತಿಯ ಕಡೆಗೆ ಮುಖ ಮಾಡಿ ನಿಲ್ಲಿಸಬಹುದು. ಚಾಲಕನೇ ಬಗ್ಗಿ ನೋಡುವುದು ಮಾತ್ರ ಬೇಡ. ಓಡಿಸುವವರು ಒಬ್ಬರು, ಗಮನಿಸುವವರು ಮತ್ತೊಬ್ಬರು ಇರಬೇಕು. ಇಬ್ಬರಿಗೂ ಲೈಫ್ ಜಾಕೆಟ್ ಇರಬೇಕು, ಎಂಜಿನ್ ನಿಲ್ಲಿಸುವ ಹಗ್ಗ ಚಾಲಕನ ಮೈಗೆ ಸಿಕ್ಕಿಸಿರಬೇಕು.

ಪರೀಕ್ಷೆಯನ್ನು ಒಂದೇ ವೇಗದಲ್ಲಿ ಮುಗಿಸಬಾರದು. ದೋಣಿ ಆಗಷ್ಟೇ ನೀರಿನ ಮೇಲೆ ಎದ್ದು ಜಾರತೊಡಗಿದ ವೇಗದಲ್ಲಿ ಹಾಳೆ ಬಹಳ ಮುಂದೆ ಹುಟ್ಟುತ್ತದೆ. ವೇಗ ಹೆಚ್ಚಿದಂತೆ ಅದು ಹಿಂದಕ್ಕೆ ಸರಿಯುತ್ತದೆ. ಅಲೆ ಜೋರಾಗಿರುವಾಗ ಎಲ್ಲರೂ ವೇಗ ತಗ್ಗಿಸುವುದರಿಂದ, ಎರಚಲಿನ ದೃಷ್ಟಿಯಿಂದ ಆ ಕಡಿಮೆ ವೇಗದ ಗುರುತೇ ಹೆಚ್ಚು ಮುಖ್ಯ. ಒಬ್ಬರೇ ಇರುವಾಗ ಒಮ್ಮೆ, ಪೂರ್ಣ ಭಾರದಲ್ಲಿ ಒಮ್ಮೆ, ಗಾಳಿ ಮೂತಿಗೆ ಓರೆಯಾಗಿರುವಂತೆ ಎರಡೂ ಬದಿಗಳನ್ನು ತಿರುಗಿಸಿ ಓಡಿಸಿ, ಸಿಕ್ಕ ಎತ್ತರಗಳನ್ನೆಲ್ಲ ಒಂದು ಕಾಗದದಲ್ಲಿ ಬದಿಯ ಚಿತ್ರ ಬರೆದು ಗುರುತು ಹಾಕಿದರೆ, ಹಾಳೆ ಏರುವ ದಾರಿ ತಾನಾಗಿ ಒಂದು ಬಾಗಿದ ಗೆರೆಯಾಗಿ ಮೂಡುತ್ತದೆ.

ಪಟ್ಟಿ ಎಲ್ಲಿಂದ ಎಲ್ಲಿಯವರೆಗೆ

ತಳಕ್ಕೂ ಬದಿಗೂ ನಡುವೆ ಸ್ಪಷ್ಟವಾದ ಏಣು ಇರುವ ದೋಣಿಗಳಲ್ಲಿ ನಡುಭಾಗದಿಂದ ಹಿಂದಕ್ಕೆ ಆ ಏಣೇ ನೀರನ್ನು ಬಿಡಿಸುತ್ತದೆ. ಮುಂದಕ್ಕೆ ಹೋದಂತೆ ಏಣು ಮೇಲೇರಿ, ಕಿರಿದಾಗಿ, ಹಲವು ದೋಣಿಗಳಲ್ಲಿ ಗುಂಡಗಾಗಿಬಿಡುವುದರಿಂದ ನೀರು ಅಲ್ಲಿ ತಡೆಯಿಲ್ಲದೆ ನುಸುಳಿಕೊಳ್ಳುತ್ತದೆ. ಇಂಥ ದೋಣಿಗೆ ಪಟ್ಟಿಯನ್ನು ಏಣಿನ ಮೇಲೆಯೇ ಅಥವಾ ಅದಕ್ಕಿಂತ ತುಸು ಮೇಲೆ, ಮೂತಿಯ ತುದಿಯ ಸಮೀಪದಿಂದ ನಡುಭಾಗದವರೆಗೆ ಕೂರಿಸಿ, ಏಣು ತನ್ನ ಕೆಲಸವನ್ನು ಸ್ವತಃ ಮಾಡತೊಡಗುವಲ್ಲಿ ನಿಲ್ಲಿಸಿದರೆ ಸಾಕು. ಗುಂಡು ತಳದ ದೋಣಿಗಳಲ್ಲಿ ಹಿಡಿಯಲು ಏಣೇ ಇರುವುದಿಲ್ಲ. ಅಲ್ಲಿ ಪರೀಕ್ಷೆಯಲ್ಲಿ ಕಂಡ ಗೆರೆಯನ್ನೇ ಪೂರ್ತಿಯಾಗಿ ನಂಬಬೇಕು. ಎರಡೂ ಸಂದರ್ಭಗಳಲ್ಲಿ ಪಟ್ಟಿ ಹಾಳೆಯ ಮೇಲಿನ ತುದಿಯಲ್ಲಿ ಅಲ್ಲ, ಅದು ಏರಲು ಆರಂಭಿಸುವ ಬುಡದ ಹತ್ತಿರ ಇರಬೇಕು. ನೀರು ಎತ್ತರಕ್ಕೆ ಹೋದ ಮೇಲೆ ಬಿಡಿಸಿದರೆ ಗಾಳಿಗೆ ಸಿಕ್ಕಿಬಿಡುತ್ತದೆ. ಹಾಗೆಂದು ತೀರಾ ಕೆಳಗಿಟ್ಟರೆ ಪಟ್ಟಿ ಸದಾ ಮುಳುಗಿದ್ದು ಎಳೆತವನ್ನೂ ಸದ್ದನ್ನೂ ಹೆಚ್ಚಿಸುತ್ತದೆ.

ಏಣಿಗಿಂತ ಕೆಳಗೆ, ತಳದಲ್ಲೇ ಉದ್ದುದ್ದವಾಗಿ ಇರುವ ಪಟ್ಟಿಗಳು ಬೇರೆಯೇ ಬಗೆಯವು. ಅಮೆರಿಕದ ವಿನ್ಯಾಸಕಾರ ರೇಮಂಡ್ ಹಂಟ್ ರೂಪಿಸಿದ, ಆಳವಾದ ವಿ ಆಕಾರದ ತಳದ ‘ಮಾಪಿ’ ಎಂಬ ದೋಣಿ 1960ರ ಮಿಯಾಮಿ–ನಸಾವ್ ಓಟವನ್ನು ಗೆದ್ದ ನಂತರ ಇಂಥ ತಳವೂ ತಳದ ಪಟ್ಟಿಗಳೂ ಹೆಚ್ಚು ಪ್ರಸಿದ್ಧವಾದವು. ಅವು ನೀರನ್ನು ಬಿಡಿಸುವುದರ ಜೊತೆಗೆ ದೋಣಿಯನ್ನು ಎತ್ತುವ ಕೆಲಸವನ್ನೂ ಮಾಡುತ್ತವೆ. ಹಾಗಾಗಿ ಅವುಗಳನ್ನು ಹೊಸದಾಗಿ ಸೇರಿಸಿದರೆ ದೋಣಿ ಓಡುವ ಓರೆಯೂ ತಿರುವಿನ ಸ್ವಭಾವವೂ ಬದಲಾಗುತ್ತವೆ. ಅಲ್ಲದೆ ತಳದ ಪಟ್ಟಿಯ ಗುಂಟ ಹಿಂದಕ್ಕೆ ಹರಿಯುವ ಗಾಳಿಗುಳ್ಳೆಗಳು ಪ್ರೊಪೆಲರಿಗೆ ತಲುಪಿದರೆ ಅದು ಹಿಡಿತ ತಪ್ಪಿ ಸುಮ್ಮನೆ ತಿರುಗುತ್ತದೆ, ಆಳ ಅಳೆಯುವ ಉಪಕರಣದ ಸಂವೇದಕಕ್ಕೆ ತಲುಪಿದರೆ ಅದರ ಅಳತೆ ಕೆಡುತ್ತದೆ. ಮೊದಲ ಬಾರಿ ಈ ಕೆಲಸಕ್ಕೆ ಇಳಿಯುವವರು ತಳವನ್ನು ಮುಟ್ಟದೆ ಬದಿಯ ಪಟ್ಟಿಯಲ್ಲೇ ನಿಲ್ಲುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಗೆರೆ ಎಳೆಯಲು ಗಂಟಿಲ್ಲದ, ಚೆನ್ನಾಗಿ ಬಾಗುವ ತೆಳು ರೀಪರ್ ಒಂದನ್ನು ಟೇಪಿನಿಂದ ಬದಿಗೆ ಹಿಡಿಸಿ, ದೂರ ನಿಂತು ನೋಡಿರಿ. ಎಲ್ಲಿಯೂ ಉಬ್ಬು ತಗ್ಗಿಲ್ಲದೆ ಒಂದೇ ಓಟದಲ್ಲಿ ಮೂತಿಯ ಕಡೆಗೆ ಏರಿದಂತೆ ಕಾಣಬೇಕು. ಒಂದು ಬದಿ ಒಪ್ಪಿಗೆಯಾದ ಮೇಲೆ ಮೂತಿಯ ತುದಿಯಿಂದಲೂ ತಳದ ನಡುಗೆರೆಯಿಂದಲೂ ಅಳತೆ ತೆಗೆದುಕೊಂಡು ಅದನ್ನು ಇನ್ನೊಂದು ಬದಿಗೆ ವರ್ಗಾಯಿಸಿರಿ. ಮೇಲಂಚಿನಿಂದ ಅಳೆಯಬೇಡಿ, ಎಷ್ಟೋ ದೋಣಿಗಳಲ್ಲಿ ಎರಡು ಬದಿಯ ಮೇಲಂಚುಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ.

ಪಟ್ಟಿಯ ಅಡ್ಡ ಆಕಾರ

4ರಿಂದ 7 ಮೀಟರ್ ಉದ್ದದ ದೋಣಿಗಳಿಗೆ 40ರಿಂದ 60 ಮಿ.ಮೀ. ಅಗಲದ ಪಟ್ಟಿ ಸಾಮಾನ್ಯವಾಗಿ ಸಾಕಾಗುತ್ತದೆ. ಅಗಲ ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಬಾರದು: ಅಗಲವಾದ ಕೆಳಮೈ ಅಲೆಯ ಮೇಲೆ ಬಡಿದಾಗ ಆ ಪೆಟ್ಟನ್ನೆಲ್ಲ ಅಂಟು ಮತ್ತು ಸ್ಕ್ರೂಗಳೇ ಹೊರಬೇಕಾಗುತ್ತದೆ. ಅಡ್ಡ ಕೊಯ್ದು ನೋಡಿದರೆ ಪಟ್ಟಿ ತ್ರಿಕೋನದಂತಿರಬೇಕು. ಕೆಳಮೈ ಹೊರಮುಖವಾಗಿ ಮಟ್ಟಸವಾಗಿ ಅಥವಾ 5ರಿಂದ 10 ಡಿಗ್ರಿಯಷ್ಟು ಕೆಳಕ್ಕೆ ಬಾಗಿರಬೇಕು, ಎಂದಿಗೂ ಮೇಲಕ್ಕೆ ಬಾಗಿರಬಾರದು. ಮೇಲ್ಮೈ ಇಳಿಜಾರಾಗಿ ಬದಿಯನ್ನು ಸೇರಿದರೆ ನೀರೂ ಕಸವೂ ನಿಲ್ಲುವುದಿಲ್ಲ. ಹೊರಗಿನ ಕೆಳ ಅಂಚು ಬೆರಳಿಗೆ ಚೂಪೆನಿಸಬೇಕು. ಅದರ ಗುಂಡುತನ 1 ಮಿ.ಮೀ.ಗಿಂತ ಹೆಚ್ಚಾದರೆ ನೀರು ಮತ್ತೆ ಅಂಟಿಕೊಂಡು ಮೇಲ್ಮೈಗೆ ಹತ್ತಲು ದಾರಿಯಾಗುತ್ತದೆ.

ಇಲ್ಲಿಯೇ ಹೆಚ್ಚಿನವರು ಎಡವುವುದು: ದೋಣಿಯ ಬದಿ ಎಲ್ಲ ಕಡೆಯೂ ಒಂದೇ ಓರೆಯಲ್ಲಿ ಇರುವುದಿಲ್ಲ. ನಡುಭಾಗದಲ್ಲಿ ನೇರವಾಗಿ ನಿಂತಿರುವ ಬದಿ ಮೂತಿಯ ಕಡೆ ಹೊರಕ್ಕೆ ಚಾಚಿಕೊಳ್ಳುತ್ತದೆ. ಮೂತಿಯ ಓರೆಗೆ ಹೊಂದುವಂತೆ ಉದ್ದಕ್ಕೂ ಒಂದೇ ಓರೆಯಲ್ಲಿ ಕೊಯ್ದ ಪಟ್ಟಿಯನ್ನು ಅದಕ್ಕೆ ಒತ್ತಿ ಕೂರಿಸಿದರೆ ನಡುಭಾಗದ ಹತ್ತಿರ ಕೆಳಮೈಯ ಹೊರ ಅಂಚು ಮೇಲಕ್ಕೆದ್ದು, ನೀರನ್ನು ತಡೆಯುವ ಬದಲು ಎತ್ತಿ ಎಸೆಯುತ್ತದೆ. ಇದನ್ನು ತಪ್ಪಿಸಲು ಟೇಪ್ ಅಂಟಿಸಿದ ಪ್ರತಿ ಗುರುತಿನ ಬಳಿಯೂ ರಟ್ಟಿನ ಒಂದೊಂದು ಅಚ್ಚು ಮಾಡಿಕೊಳ್ಳಬೇಕು. ದೋಣಿಯನ್ನು ಟ್ರೇಲರಿನ ಮೇಲೆ ಎರಡೂ ಬದಿಗೆ ಸಮವಾಗಿ ನಿಲ್ಲಿಸಿ, ರಸಮಟ್ಟದ ಸಹಾಯದಿಂದ ರಟ್ಟಿನ ಕೆಳ ಅಂಚನ್ನು ಮಟ್ಟಸವಾಗಿ ಹಿಡಿದು, ಇನ್ನೊಂದು ಅಂಚನ್ನು ಬದಿಯ ಮೈಗೆ ಸರಿಯಾಗಿ ತಾಗುವಂತೆ ಕತ್ತರಿಸಿದರೆ ಆ ಜಾಗದಲ್ಲಿ ಪಟ್ಟಿಯ ಬೆನ್ನು ಎಷ್ಟು ಓರೆಯಾಗಿರಬೇಕು ಎಂಬುದು ಸಿಗುತ್ತದೆ. ಈ ಅಚ್ಚುಗಳಿಗೂ ಸಂಖ್ಯೆ ಹಾಕಿಡಿ. ಮುಂದೆ ಪಟ್ಟಿಯ ಬೆನ್ನನ್ನು ಉಜ್ಜುಗೊರಡಿನಿಂದ ಹೆರೆಯುವಾಗ ಪ್ರತಿ ಗುರುತಿನಲ್ಲೂ ಅಚ್ಚನ್ನು ಹಿಡಿದು ನೋಡುತ್ತ, ಒಂದು ಓರೆಯಿಂದ ಮುಂದಿನ ಓರೆಗೆ ಮೆಲ್ಲನೆ ತಿರುಚಿಕೊಂಡು ಹೋಗಬೇಕು.

ಯಾವ ವಸ್ತು

ಮರ ಕೈಗೆ ಒಗ್ಗುತ್ತದೆ, ತಿದ್ದಲು ಸುಲಭ. ನೇರ ಎಳೆಯ, ಗಂಟಿಲ್ಲದ ಗಟ್ಟಿ ಮರವನ್ನು ಆರಿಸಬೇಕು. ತೇಗದ ಮೈಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಾಕುವ ಮುನ್ನ ಅಸಿಟೋನಿನಿಂದ ಒರೆಸುವುದು ಅಗತ್ಯ. ಮೂತಿಯ ಬಾಗಿಗೆ ಮರ ಬಗ್ಗದಿದ್ದರೆ 5–6 ಮಿ.ಮೀ. ದಪ್ಪದ ಪಟ್ಟಿಗಳನ್ನು ಒಂದರ ಮೇಲೊಂದು ಎಪಾಕ್ಸಿ (ಎರಡು ಭಾಗ ಬೆರೆಸಿ ಬಳಸುವ ಗಟ್ಟಿ ಅಂಟು) ಹಚ್ಚಿ ಬಾಗಿನ ಮೇಲೆಯೇ ಕ್ಲ್ಯಾಂಪ್ ಮಾಡಿ ಒಣಗಿಸಬಹುದು. ಫೈಬರ್‌ಗ್ಲಾಸ್ ದೋಣಿಗೆ ಒಳಗೆ ಗಟ್ಟಿ ಫೋಮ್, ಮೇಲೆ ಗ್ಲಾಸ್ ಬಟ್ಟೆ ಹೊದಿಸಿದ ಪಟ್ಟಿಯೇ ನನಗೆ ಹೆಚ್ಚು ಇಷ್ಟ. ಅದಕ್ಕೆ ಒಡಲಿನಲ್ಲಿ ಒಂದು ತೂತೂ ಬೇಕಾಗುವುದಿಲ್ಲ. ಪಾಲಿಥೀನ್ ಜಾತಿಯ ಪ್ಲಾಸ್ಟಿಕ್‌ಗೆ ಅಂಟು ಹಿಡಿಯುವುದಿಲ್ಲ, ಬಿಸಿಲಿಗೆ ಅದು ಬಹಳ ಹಿಗ್ಗುತ್ತದೆ. ಬಳಸುವುದೇ ಆದರೆ ಸ್ಕ್ರೂ ತೂತುಗಳನ್ನು ಉದ್ದುದ್ದವಾಗಿ ಮಾಡಬೇಕು. ಅಲ್ಯುಮಿನಿಯಂ ದೋಣಿಗೆ ಅಲ್ಯುಮಿನಿಯಂ ಪಟ್ಟಿಯೇ ಸರಿ. ಆದರೆ ಸ್ಟೇನ್‌ಲೆಸ್ ಸ್ಕ್ರೂ ನೇರವಾಗಿ ಅಲ್ಯುಮಿನಿಯಮನ್ನು ತಾಗಿದರೆ ಉಪ್ಪುನೀರಿನಲ್ಲಿ ಅಲ್ಯುಮಿನಿಯಂ ತಿಂದುಹೋಗುತ್ತದೆ, ನಡುವೆ ಸೀಲಂಟ್ ಅಥವಾ ಪ್ಲಾಸ್ಟಿಕ್ ವಾಷರ್ ಇರಲೇಬೇಕು.

ಮೈ ಸಿದ್ಧಪಡಿಸುವುದು

ಕೆಲಸದ ಆರಂಭದಲ್ಲೇ ಪಟ್ಟಿ ಕೂರುವ ಜಾಗದ ಹಿಂದೆ, ಅಂದರೆ ದೋಣಿಯ ಒಳಗಡೆ, ಏನಿದೆ ಎಂದು ತಿಳಿದುಕೊಳ್ಳಬೇಕು. ಇಂಧನದ ಟ್ಯಾಂಕು, ವಿದ್ಯುತ್ ತಂತಿ, ತೇಲುವ ಫೋಮ್ ಇರಬಹುದು. ಡ್ರಿಲ್ ಬಿಟ್ಟಿನ ಮೇಲೆ ಬೇಕಾದ ಆಳಕ್ಕೆ ಟೇಪ್ ಸುತ್ತಿಕೊಂಡರೆ ಅದು ಅದಕ್ಕಿಂತ ಒಳಕ್ಕೆ ಹೋದದ್ದು ತಕ್ಷಣ ತಿಳಿಯುತ್ತದೆ.

ಫೈಬರ್‌ಗ್ಲಾಸ್ ಮೈಯನ್ನು ಮೊದಲು ಮೇಣ ತೆಗೆಯುವ ದ್ರಾವಕದಿಂದ ಒರೆಸಬೇಕು, ಆಮೇಲೆ ಉಜ್ಜಬೇಕು. ಈ ಕ್ರಮ ತಿರುವುಮುರುವಾದರೆ ಸ್ಯಾಂಡ್‌ಪೇಪರ್ ಮೇಣವನ್ನು ಗೀರುಗಳೊಳಗೆ ತುಂಬಿ, ಅಂಟು ಹಿಡಿಯದಂತೆ ಮಾಡುತ್ತದೆ. ಒರೆಸಿದ ಬಟ್ಟೆಯನ್ನು ಆಗಾಗ ಬದಲಿಸಿ, ಒಂದೇ ದಿಕ್ಕಿಗೆ ಒರೆಸಿ, ನಂತರ 80 ನಂಬರಿನ ಸ್ಯಾಂಡ್‌ಪೇಪರಿನಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿರಿ. ಫೈಬರ್ ಪುಡಿ ಶ್ವಾಸಕೋಶಕ್ಕೆ ಕೇಡು. ಒಳ್ಳೆಯ ಮುಖಗವಸು, ಕನ್ನಡಕ, ಕೈಗವಸು ಇಲ್ಲದೆ ಕೆಲಸ ಮಾಡಬಾರದು.

ಕೂರಿಸುವುದು

ಮರದ ಪಟ್ಟಿಯಾದರೆ ಮೊದಲು ಅಂಟಿಲ್ಲದೆ ಕೂರಿಸಿ ನೋಡಬೇಕು. ಮೂತಿಯಿಂದ ಆರಂಭಿಸಿ ಹಿಂದಕ್ಕೆ ಬಗ್ಗಿಸುತ್ತ, 15ರಿಂದ 20 ಸೆಂ.ಮೀ.ಗೆ ಒಂದರಂತೆ ಸ್ಕ್ರೂ ತೂತು ಹಾಕಿರಿ. ಒಡಲಿನ ಎರಡು ಪದರಗಳ ನಡುವೆ ಫೋಮ್ ಅಥವಾ ಬಾಲ್ಸಾ ಮರವಿದ್ದರೆ, ಆ ತೂತುಗಳ ಮೂಲಕ ಒಳಸೇರಿದ ನೀರು ವರ್ಷಗಟ್ಟಲೆ ಒಳಗೇ ಕೊಳೆಸುತ್ತದೆ. ಆದ್ದರಿಂದ ಅಲ್ಲಿ ತೂತನ್ನು ದೊಡ್ಡದಾಗಿ ಕೊರೆದು, ಗಟ್ಟಿಯಾಗಿ ಕಲಸಿದ ಎಪಾಕ್ಸಿ ತುಂಬಿ, ಅದು ಒಣಗಿದ ಮೇಲೆ ಸ್ಕ್ರೂವಿಗೆ ಬೇಕಾದಷ್ಟೇ ತೂತನ್ನು ಮತ್ತೆ ಕೊರೆಯಬೇಕು. ಬೇಸರದ ಕೆಲಸ, ಆದರೆ ಇದನ್ನು ಬಿಡುವಂತಿಲ್ಲ. ಆಮೇಲೆ ಪಟ್ಟಿಯ ಮೇಲೂ ಕೆಳಗೂ ಮಾಸ್ಕಿಂಗ್ ಟೇಪ್ ಹಚ್ಚಿ, ಬೆನ್ನಿಗೆ ಸಮುದ್ರ ಬಳಕೆಯ ಪಾಲಿಯುರೆಥೇನ್ ಸೀಲಂಟನ್ನು ಧಾರಾಳವಾಗಿ ಬಳಿದು ಕೂರಿಸಬೇಕು. ಸ್ಕ್ರೂಗಳನ್ನು ಒಂದೇ ಸಲ ಪೂರ್ತಿ ಬಿಗಿದರೆ ಸೀಲಂಟೆಲ್ಲ ಹಿಂಡಿ ಹೊರಬಂದುಬಿಡುತ್ತದೆ, 1–2 ಮಿ.ಮೀ. ಪದರ ಉಳಿಯುವಷ್ಟು ಬಿಗಿದು, ಅದು ಗಟ್ಟಿಯಾದ ಮೇಲೆ ಕೊನೆಯ ಸುತ್ತು ತಿರುಗಿಸಿರಿ. ಪೂರ್ತಿ ಒಣಗಲು ಹವೆಗನುಸಾರವಾಗಿ ಹಲವು ದಿನ, ಕೆಲವೊಮ್ಮೆ ವಾರವೇ ಬೇಕಾಗಬಹುದು. ಡಬ್ಬಿಯ ಮೇಲೆ ಬರೆದಿರುವ ಅವಧಿ ಮುಗಿಯುವ ತನಕ ದೋಣಿಯನ್ನು ನೀರಿಗಿಳಿಸಬೇಡಿ.

ಫೋಮಿನ ಪಟ್ಟಿಯನ್ನು ಎಪಾಕ್ಸಿಯಿಂದ ಅಂಟಿಸಿ, ಬದಿಗೆ ಕೂಡುವ ಎರಡೂ ಮೂಲೆಗಳಲ್ಲಿ ಕಲಸಿದ ಎಪಾಕ್ಸಿಯನ್ನು ಗುಂಡು ತುದಿಯ ಕಡ್ಡಿಯಿಂದ ತೀಡಿ ಬಾಗು ಕೊಡಬೇಕು. ಮೇಲಿನ ಮೂಲೆಯಲ್ಲಿ ದೊಡ್ಡ ಬಾಗು, ಕೆಳಗೆ ಬಟ್ಟೆ ತಿರುಗುವಷ್ಟು ಚಿಕ್ಕದು. ಅದರ ಮೇಲೆ ಓರೆ ಎಳೆಯ ಗ್ಲಾಸ್ ಬಟ್ಟೆಯನ್ನು ಎರಡು ಮೂರು ಪದರ ಹೊದಿಸಿ, ಪ್ರತಿ ಪದರವೂ ಒಡಲಿನ ಮೇಲೆ ಕನಿಷ್ಠ 50 ಮಿ.ಮೀ. ಹರಡುವಂತೆ, ಒಂದರ ಅಂಚು ಇನ್ನೊಂದರ ಅಂಚಿನ ಮೇಲೆಯೇ ಬೀಳದಂತೆ ನೋಡಿಕೊಳ್ಳಿ. ಆದರೆ ಗ್ಲಾಸ್ ಬಟ್ಟೆ ಚೂಪು ಮೂಲೆಯನ್ನು ಸುತ್ತುವುದಿಲ್ಲ, ಅಲ್ಲಿ ಎದ್ದು ಗಾಳಿ ತುಂಬಿಕೊಳ್ಳುತ್ತದೆ. ಹಾಗಾಗಿ ಹೊರ ಅಂಚನ್ನು ಮೊದಲು 3–4 ಮಿ.ಮೀ. ಗುಂಡಾಗಿಸಿ ಬಟ್ಟೆ ಹೊದಿಸಿ, ಒಣಗಿದ ಮೇಲೆ ಕೆಳಮೈಗೆ ಮೇಣ ಸವರಿದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಅಂಚಿನಿಂದ ಕೆಲವು ಮಿ.ಮೀ. ಹೊರಚಾಚುವಂತೆ ಟೇಪಿನಿಂದ ಹಿಡಿಸಬೇಕು. ಗುಂಡು ಅಂಚಿಗೂ ಆ ಪ್ಲಾಸ್ಟಿಕ್ಕಿಗೂ ನಡುವೆ ಉಳಿದ ಸಂದಿಯಲ್ಲಿ ಸಿಲಿಕಾ ಪುಡಿ ಬೆರೆಸಿ ಗಟ್ಟಿಯಾಗಿ ಕಲಸಿದ ಎಪಾಕ್ಸಿ ತುಂಬಿರಿ. ಪ್ಲಾಸ್ಟಿಕ್ ಕಿತ್ತ ಮೇಲೆ ಕನ್ನಡಿಯಂತೆ ನುಣುಪಾದ ಕೆಳಮೈಯೂ ಅದರ ತುದಿಯಲ್ಲಿ ಒರಟಾದ ಮೂಲೆಯೂ ಉಳಿಯುತ್ತವೆ. ಸಪಾಟಾದ ಮರದ ತುಂಡಿಗೆ ಸ್ಯಾಂಡ್‌ಪೇಪರ್ ಸುತ್ತಿ ಹೊರಗಡೆಯಿಂದ ಮಾತ್ರ ಉಜ್ಜಿದರೆ ಅದೇ ಚೂಪಾದ ಅಂಚಾಗುತ್ತದೆ. ಬೆರಳಲ್ಲಿ ಕಾಗದ ಹಿಡಿದು ಉಜ್ಜಿದರೆ ಅಂಚು ಗುಂಡಗಾಗಿ ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಬಣ್ಣ ಹಚ್ಚುವ ಮುನ್ನ, ಒಣಗಿದ ಎಪಾಕ್ಸಿಯ ಮೇಲೆ ಕೂಡಿರುವ ಮೇಣದಂಥ ಜಿಡ್ಡನ್ನು ನೀರು ಹಾಕಿ ಉಜ್ಜಿ ತೊಳೆಯಬೇಕು. ಎಪಾಕ್ಸಿಯ ಮೇಲೆ ಸಾಮಾನ್ಯ ಜೆಲ್‌ಕೋಟ್ (ಫೈಬರ್‌ಗ್ಲಾಸ್ ದೋಣಿಯ ಹೊಳಪಿನ ಹೊರಪದರ) ಚೆನ್ನಾಗಿ ಹಿಡಿಯುವುದಿಲ್ಲವಾದ್ದರಿಂದ ಎರಡು ಭಾಗದ ಪಾಲಿಯುರೆಥೇನ್ ಬಣ್ಣವೇ ಸೂಕ್ತ. ಬಿಸಿಲಿನಿಂದ ಎಪಾಕ್ಸಿ ಕೆಡುತ್ತದೆ, ಹಾಗಾಗಿ ಬಣ್ಣವಿಲ್ಲದೆ ಬಿಡಬಾರದು. ಪಟ್ಟಿಯ ಹಿಂದಿನ ತುದಿಯನ್ನು 15–20 ಸೆಂ.ಮೀ. ಉದ್ದಕ್ಕೆ ಕ್ರಮವಾಗಿ ತೆಳುವಾಗಿಸಿ ಬದಿಯಲ್ಲಿ ಲೀನಗೊಳಿಸಿರಿ. ಮೊಂಡಾಗಿ ಕಡಿದು ಬಿಟ್ಟರೆ ಅಲ್ಲಿ ಹಗ್ಗ ಸಿಕ್ಕಿಕೊಳ್ಳುತ್ತದೆ, ಅಲೆ ಹೊಡೆದಾಗ ಅಂಟು ಬಿಡಲು ಆರಂಭವಾಗುವುದೂ ಅಲ್ಲಿಂದಲೇ.

ನೀರಿನ ಮೇಲೆ ಪರೀಕ್ಷೆ

ಮೊದಲ ಓಟವನ್ನು ಶಾಂತ ನೀರಿನಲ್ಲಿ ಮಾಡಿ, ವೇಗವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿರಿ. ದೋಣಿ ಒಂದು ಪಕ್ಕಕ್ಕೆ ಎಳೆಯುತ್ತಿದೆಯೇ, ತಿರುವಿನಲ್ಲಿ ಪ್ರೊಪೆಲರ್ ಹಿಡಿತ ತಪ್ಪುತ್ತಿದೆಯೇ, ಆಳದ ಅಳತೆ ಹಿಂದಿನಂತೆಯೇ ಬರುತ್ತಿದೆಯೇ ಎಂದು ಗಮನಿಸಬೇಕು. ನಂತರ ಓರೆ ಗಾಳಿಯಲ್ಲಿ, ಹಿಂದೆ ಚಿತ್ರ ತೆಗೆದ ವೇಗಗಳಲ್ಲೇ ಮತ್ತೆ ಚಿತ್ರ ತೆಗೆದು ಹೋಲಿಸಿರಿ. ಹಾಳೆ ಪಟ್ಟಿಯ ಅಂಚಿನಿಂದ ಹೊರಕ್ಕೆ ಸಪಾಟಾಗಿ ಹಾರುತ್ತಿದ್ದರೆ ಕೆಲಸ ಸರಿಯಾಗಿದೆ. ಪಟ್ಟಿಯ ಮುಂದಿನ ತುದಿಯನ್ನು ಬಳಸಿಕೊಂಡು ನೀರು ಮೇಲೇರುತ್ತಿದ್ದರೆ ಪಟ್ಟಿಯನ್ನು ಮೂತಿಯ ತುದಿಯವರೆಗೆ ಉದ್ದ ಮಾಡಬೇಕು. ಅಂಚನ್ನು ಸುತ್ತಿ ಮೇಲ್ಮೈಗೆ ಹತ್ತುತ್ತಿದ್ದರೆ ಅಂಚು ಸಾಕಷ್ಟು ಚೂಪಾಗಿಲ್ಲ. ಹೊರಕ್ಕೆ ಹೋದರೂ ಮೇಲ್ಮುಖವಾಗಿ ಹಾರುತ್ತಿದ್ದರೆ ಆ ಜಾಗದಲ್ಲಿ ಕೆಳಮೈಯ ಓರೆ ತಪ್ಪಿದೆ; ಅಲ್ಲಿಗೆ ಸೇರಿದ ರಟ್ಟಿನ ಅಚ್ಚನ್ನು ಮತ್ತೆ ಹಿಡಿದು ನೋಡಿದರೆ ಎಷ್ಟು ತಿದ್ದಬೇಕೆಂಬುದು ತಿಳಿಯುತ್ತದೆ.

ಟ್ರೇಲರಿಗೆ ಹತ್ತಿಸುವಾಗ ಪಟ್ಟಿ ಅದರ ಆಧಾರದ ಹಲಗೆಗಳಿಗೆ ತಾಗುತ್ತದೆಯೇ ಎಂದು ನೋಡಿ, ತಾಗುವುದಾದರೆ ಹಲಗೆಗಳನ್ನು ಸರಿಸಬೇಕು. ನೀರಿನ ಮಟ್ಟ ಏರಿಳಿಯುವ ಕಡೆ ದೋಣಿ ಕಟ್ಟುವಾಗ ಪಟ್ಟಿ ಕಟ್ಟೆಯ ಅಂಚಿನ ಕೆಳಗೆ ಸಿಕ್ಕಿಕೊಳ್ಳದಂತೆ ಫೆಂಡರುಗಳನ್ನು (ಬದಿಗೆ ಪೆಟ್ಟಾಗದಂತೆ ಇಳಿಬಿಡುವ ಮೆತ್ತೆಗಳನ್ನು) ಹಿಂದಿಗಿಂತ ತುಸು ಕೆಳಗೆ ಇಳಿಬಿಡಬೇಕು. ಮೊದಲ ಕೆಲವು ಓಟಗಳ ನಂತರ ಸ್ಕ್ರೂಗಳನ್ನೂ ಅಂಟಿನ ಗೆರೆಯನ್ನೂ ಪರೀಕ್ಷಿಸಿರಿ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಭಾಗವನ್ನು ಬಿಚ್ಚಿ ಮತ್ತೆ ಕೂರಿಸುವುದೇ ಸರಿ. ಕಟ್ಟೆಗೆ ತಾಗಿ ಅಂಚು ಚಕ್ಕೆ ಎದ್ದರೆ, ಮೊದಲು ಮಾಡಿದಂತೆಯೇ ಪ್ಲಾಸ್ಟಿಕ್ ಪಟ್ಟಿ ಹಿಡಿಸಿ ಎಪಾಕ್ಸಿ ತುಂಬಿ ಆ ಭಾಗವನ್ನಷ್ಟೇ ತಿದ್ದಿಕೊಳ್ಳಬಹುದು.